ಮನೆಯ ಚಿತ್ರಭಂಡಾರವು ಟಿವಿಯ ಪರದೆಗೆ ಬಂದ ಬಗೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ: “ಮೇಷ್ಟ್ರೇ, ನಮ್ಮ ಮದುವೆಯ ವಿಡಿಯೋ ನಮ್ಮ ಮನೆಯ ಕಂಪ್ಯೂಟರಿನಲ್ಲಿಯೇ ಇದೆ. ಟಿವಿಯೂ ಅದೇ ಮನೆಯ ಹಜಾರದಲ್ಲಿದೆ. ಎರಡರ ನಡುವೆ ಇಪ್ಪತ್ತು ಅಡಿ ದೂರವಿಲ್ಲ. ಆದರೂ ಇಂಟರ್ನೆಟ್ ಕೈಕೊಟ್ಟ ದಿನ ಅದನ್ನು ಟಿವಿಗೆ ಕ್ಯಾಸ್ಟ್ ಮಾಡಲು ಆಗುವುದಿಲ್ಲ. ಇದೇಕೆ ಹೀಗೆ?”

ಜೀವನವಿಡೀ ಇತಿಹಾಸವನ್ನು ಬೋಧಿಸಿದವನಿಗೆ ಯಂತ್ರಶಾಸ್ತ್ರದ ಪ್ರಶ್ನೆಯೇ ಎಂದು ನೀವು ನಗಬಹುದು. ಆದರೆ ಈ ಪ್ರಶ್ನೆಗೆ ಉತ್ತರವಿರುವುದು ಇತಿಹಾಸದಲ್ಲಿಯೇ. ಚಿತ್ರವನ್ನು ಮನೆಯಲ್ಲಿ ನೋಡಬೇಕಾದರೆ ಮೂರು ಕೆಲಸಗಳು ನಡೆಯಬೇಕು. ಚಿತ್ರವನ್ನು ಯಾರೋ ಇಟ್ಟುಕೊಂಡಿರಬೇಕು. ಯಾರೋ ಅದನ್ನು ತೋರಿಸಬೇಕು. ಇದನ್ನು ತೋರಿಸು, ಈಗ ನಿಲ್ಲಿಸು ಎಂದು ಯಾರೋ ಆಜ್ಞಾಪಿಸಬೇಕು. ಇಡುವವನು, ತೋರಿಸುವವನು, ಆಜ್ಞಾಪಿಸುವವನು ಎಂಬ ಈ ಮೂವರು ಕಳೆದ ಐವತ್ತು ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಾಗಿದ್ದರು ಎಂಬುದನ್ನು ಗಮನಿಸಿದರೆ ವಿಷಯವು ತಾನಾಗಿ ತಿಳಿಯಾಗುತ್ತದೆ.

ಮೊದಲಿಗೆ ನಮ್ಮ ನಾಡಿಗೆ ಟಿವಿ ಬಂದ ಕಾಲವನ್ನು ನೆನೆಯೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗವು ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಅವುಗಳಲ್ಲಿ ನಮ್ಮ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು, ಕನ್ನಡದಲ್ಲಿಯೂ ಕಾರ್ಯಕ್ರಮಗಳಿದ್ದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಆ ದಿನಗಳಲ್ಲಿ ತೋರಿಸುವವನು ಮಾತ್ರ ನಮ್ಮ ಬಳಿ ಇದ್ದ. ಇಡುವವನೂ ಆಜ್ಞಾಪಿಸುವವನೂ ದೂರದ ಕೇಂದ್ರದಲ್ಲಿದ್ದರು. ಅವರು ಕಳುಹಿಸಿದ ಹೊತ್ತಿಗೆ ಕಳುಹಿಸಿದ್ದನ್ನು ನಾವು ನೋಡಬೇಕು, ತಪ್ಪಿಹೋದರೆ ತಪ್ಪಿತು. ಮನೆಯದೇ ಆದ ಚಿತ್ರವು ಟಿವಿಯಲ್ಲಿ ಬರಬಹುದೆಂಬ ಯೋಚನೆಯೇ ಯಾರಿಗೂ ಇರಲಿಲ್ಲ.

ಈ ಏರ್ಪಾಡನ್ನು ಮುರಿದದ್ದು ವಿಡಿಯೋ ಕ್ಯಾಸೆಟ್. ಜಪಾನಿನ ಸೋನಿ ಸಂಸ್ಥೆಯು 1975ರಲ್ಲಿ ಬೀಟಾಮ್ಯಾಕ್ಸ್ ಮಾದರಿಯನ್ನೂ ಜೆವಿಸಿ ಸಂಸ್ಥೆಯು 1976ರಲ್ಲಿ ವಿಎಚ್‌ಎಸ್ ಮಾದರಿಯನ್ನೂ ಮಾರುಕಟ್ಟೆಗೆ ತಂದವು. ನಮ್ಮಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಸಮಯಕ್ಕೆ ಬಣ್ಣದ ಟಿವಿ ಬಂದಿತು. ಅದರ ಬೆನ್ನಿಗೇ ವಿಸಿಆರ್ ಹರಡಿತು. ಒಂದು ರಾತ್ರಿಗೆಂದು ಟಿವಿ ಮತ್ತು ವಿಸಿಆರ್ ಎರಡನ್ನೂ ಬಾಡಿಗೆಗೆ ತಂದು, ಬೆಳಗಾಗುವವರೆಗೆ ಮೂರು ನಾಲ್ಕು ಸಿನಿಮಾಗಳನ್ನು ಕೇರಿಯವರೆಲ್ಲ ಕೂಡಿ ನೋಡಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇರಬೇಕು. ಸಿನಿಮಾಕ್ಕಿಂತ ದೊಡ್ಡ ಬದಲಾವಣೆಯೆಂದರೆ ಮದುವೆಯ ಕ್ಯಾಸೆಟ್. ಮೊಟ್ಟಮೊದಲ ಬಾರಿಗೆ ಮೂವರೂ ಮನೆಯೊಳಗೆ ಬಂದರು. ಕ್ಯಾಸೆಟ್ಟು ನಮ್ಮ ಬೀರುವಿನಲ್ಲಿ, ಪರದೆ ನಮ್ಮ ಹಜಾರದಲ್ಲಿ, ಗುಂಡಿ ನಮ್ಮ ಬೆರಳಿನ ಕೆಳಗೆ.

ಇದು ಸುಲಭವಾಗಿ ದೊರೆತ ಹಕ್ಕೇನಲ್ಲ. ಟಿವಿಯಲ್ಲಿ ಬಂದುದನ್ನು ಮನೆಯಲ್ಲಿ ಧ್ವನಿಮುದ್ರಿಸಿ ಚಿತ್ರಮುದ್ರಿಸಿ ಇಟ್ಟುಕೊಳ್ಳುವುದೇ ಅಪರಾಧವೆಂದು ಅಮೆರಿಕದ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು 1976ರಲ್ಲಿ ಸೋನಿಯ ಮೇಲೆ ದಾವೆ ಹೂಡಿದವು. ಎಂಟು ವರ್ಷಗಳ ತರುವಾಯ, 1984ರ ಜನವರಿ 17ರಂದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ತೀರ್ಪು ನೀಡಿತು: ಮನೆಯಲ್ಲಿ ಬೇರೊಂದು ಹೊತ್ತಿನಲ್ಲಿ ನೋಡಲೆಂದು ಮುದ್ರಿಸಿಕೊಳ್ಳುವುದು ನ್ಯಾಯೋಚಿತ ಬಳಕೆ. ಒಬ್ಬ ನ್ಯಾಯಾಧೀಶರ ಮನಸ್ಸು ಆಚೆ ವಾಲಿದ್ದರೆ ಮನೆಯ ಚಿತ್ರಭಂಡಾರದ ಕಥೆಯು ಬೇರೆಯೇ ಆಗಿರುತ್ತಿತ್ತು.

ಮುಂದಿನದು ಅಂಕೀಯ ಯುಗ. 1993ರಲ್ಲಿ ವಿಸಿಡಿಯ ಮಾನದಂಡ ನಿಗದಿಯಾಯಿತು. ಒಂದು ತಟ್ಟೆಯಲ್ಲಿ ಸುಮಾರು 74 ನಿಮಿಷಗಳ ಚಿತ್ರ. ಆದ್ದರಿಂದಲೇ ನಮ್ಮ ಸಿನಿಮಾಗಳು ಎರಡು ಮೂರು ತಟ್ಟೆಗಳಲ್ಲಿ ಬರುತ್ತಿದ್ದವು. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಮಾರಾಟಕ್ಕೆ ಬಂದಿತು. ಇವುಗಳ ಮಹತ್ವವಿರುವುದು ತಟ್ಟೆಯಲ್ಲಿ ಅಲ್ಲ. ಚಿತ್ರವು ಅಂಕೆಗಳ ರೂಪ ತಾಳಿದ ಮೇಲೆ ಅದು ಕಂಪ್ಯೂಟರಿನ ಫೈಲಾಯಿತು. ಫೈಲಾದ ಮೇಲೆ ಎಷ್ಟು ಬಾರಿ ನಕಲು ಮಾಡಿದರೂ ಸವೆಯದಂತಾಯಿತು.

ನಮ್ಮ ಮನೆಯಲ್ಲಿಯೇ ಇದರ ನಿದರ್ಶನವಿದೆ. ನನ್ನ ತಂಗಿಯ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ನಮ್ಮ ಸೋದರತ್ತೆಯವರು ಹಸೆಗೆ ಕರೆಯುವ ಹಾಡು ಹೇಳುವ ನಾಲ್ಕು ನಿಮಿಷಗಳಿವೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ದನಿ ಉಳಿದಿರುವುದು ಅಲ್ಲಿ ಮಾತ್ರ. ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಪಟ್ಟಿಯ ಅಂಚಿನಲ್ಲಿ ಬೂಷ್ಟು ಕಾಣಿಸಿಕೊಂಡಾಗ ಪೇಟೆಯ ಸ್ಟುಡಿಯೋದವರಿಂದ ಅದನ್ನು ಡಿವಿಡಿಗೆ ಇಳಿಸಿಸಿದೆವು. ಅಲ್ಲಿಂದ ಮಗನು ಕಂಪ್ಯೂಟರಿಗೆ ತುಂಬಿಸಿದ. ಇಂದು ಸೋದರತ್ತೆಯವರ ಹಾಡನ್ನು ಮೊಮ್ಮಕ್ಕಳು ಕೇಳುತ್ತಾರೆ. ಮನೆಯ ಭಂಡಾರವೆಂದಾಗ ನನ್ನ ಮನಸ್ಸಿನಲ್ಲಿರುವುದು ಇಂತಹ ನಾಲ್ಕು ನಿಮಿಷಗಳೇ ಹೊರತು ಅಂಗಡಿಯಲ್ಲಿ ಸಿಗುವ ಸಿನಿಮಾಗಳಲ್ಲ.

ಫೈಲು ಕಂಪ್ಯೂಟರಿನಲ್ಲಿ ಸೇರಿತು. ದೊಡ್ಡ ಪರದೆ ಮಾತ್ರ ಹಜಾರದಲ್ಲಿಯೇ ಉಳಿಯಿತು. ಇವೆರಡನ್ನೂ ಕೂಡಿಸುವ ಪ್ರಯತ್ನಗಳು ಲೋಕದ ನಾನಾ ಕಡೆ ಏಕಕಾಲಕ್ಕೆ ನಡೆದವು. ಅವುಗಳಲ್ಲಿ ಎರಡು, ದೊಡ್ಡ ಕಂಪನಿಗಳಿಂದಲ್ಲ, ಉತ್ಸಾಹಿ ತರುಣರಿಂದ ಹುಟ್ಟಿದವು ಎಂಬುದನ್ನು ಉಪಾಧ್ಯಾಯನಾದ ನಾನು ಹೇಳದೆ ಇರಲಾರೆ.

ಫ್ರಾನ್ಸಿನ ಎಕೋಲ್ ಸೆಂಟ್ರಲ್ ಪ್ಯಾರಿಸ್ ಎಂಬ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳಿಗೆ ತಮ್ಮ ವಸತಿ ನಿಲಯದ ಕಂಪ್ಯೂಟರ್ ಜಾಲವು ತೀರ ನಿಧಾನವೆನಿಸುತ್ತಿತ್ತು. ವೇಗದ ಜಾಲಕ್ಕೆ ಕಾರಣ ಬೇಕಲ್ಲ! ಉಪಗ್ರಹದಿಂದ ಬರುವ ಟಿವಿ ಚಿತ್ರಗಳನ್ನು ಜಾಲದ ಮೂಲಕ ಕೊಠಡಿ ಕೊಠಡಿಗೂ ಹರಿಸುವ ಯೋಜನೆಯನ್ನು 1996ರಲ್ಲಿ ಕೈಗೊಂಡರು. ಕಳುಹಿಸುವ ತಂತ್ರಾಂಶವೊಂದು, ಪಡೆದು ತೋರಿಸುವ ತಂತ್ರಾಂಶವೊಂದು. ಎರಡನೆಯದೇ ಇಂದು ನಿಮ್ಮೆಲ್ಲರ ಕಂಪ್ಯೂಟರಿನಲ್ಲಿರುವ, ಕಿತ್ತಳೆ ಬಣ್ಣದ ಶಂಕುವಿನ ಗುರುತಿನ ವಿಎಲ್‌ಸಿ. 2001ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ಕೊಟ್ಟರು.

ಇನ್ನೊಂದು ಕಥೆ ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ಹೊರತಂದ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯದು. ಹವ್ಯಾಸಿಗಳು ಅದನ್ನು ಬಿಚ್ಚಿ, ತಿದ್ದಿ, ಟಿವಿಗೆ ಜೋಡಿಸಿ, ಮನೆಯ ಫೈಲುಗಳನ್ನು ತೋರಿಸುವ ತಂತ್ರಾಂಶವನ್ನು ಬರೆದರು. ಎಕ್ಸ್‌ಬಿಎಂಸಿ ಎಂಬ ಹೆಸರಿನ ಅದು 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. ಅದರಿಂದ ಕವಲೊಡೆದು ಬಂದದ್ದು ಪ್ಲೆಕ್ಸ್. ಇನ್ನೊಂದು ಕವಲಿನ ಕಥೆಯೂ ಕೇಳುವಂಥದು. ಎಂಬಿ ಎಂಬ ತಂತ್ರಾಂಶದ ಒಡೆಯರು ಅದರ ಮೂಲಬರಹವನ್ನು ಮುಚ್ಚಿಟ್ಟುಕೊಳ್ಳಲು ನಿರ್ಧರಿಸಿದಾಗ, ಅದುವರೆಗೆ ಮುಕ್ತವಾಗಿದ್ದ ಭಾಗವನ್ನು ಹಿಡಿದು ಕೆಲವರು 2018ರ ಡಿಸೆಂಬರಿನಲ್ಲಿ ಜೆಲ್ಲಿಫಿನ್ ಎಂಬುದನ್ನು ಕಟ್ಟಿದರು. ಇಂತಹ ತಂತ್ರಾಂಶಗಳು ಮನೆಯ ಕಂಪ್ಯೂಟರನ್ನು ಅಚ್ಚುಕಟ್ಟಾದ ಗ್ರಂಥಾಲಯವಾಗಿ ಮಾಡುತ್ತವೆ: ಚಿತ್ರಗಳ ಪಟ್ಟಿ ಮಾಡುವುದು, ಕೇಳಿದ್ದನ್ನು ತೆಗೆದುಕೊಡುವುದು ಇವುಗಳ ಕೆಲಸ.

ಕಂಪನಿಗಳೂ ಸುಮ್ಮನಿರಲಿಲ್ಲ. 2003ರಲ್ಲಿ ಸೋನಿ, ಇಂಟೆಲ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಅದೇ ಮುಂದೆ ಡಿಎಲ್‌ಎನ್‌ಎ ಎಂದು ಹೆಸರಾಯಿತು. ಅದರ ನಿಯಮಾವಳಿಯನ್ನು ಓದಿದರೆ ನಾನು ಮೇಲೆ ಹೇಳಿದ ಮೂವರೂ ಅಲ್ಲಿ ಬೇರೆ ಬೇರೆ ಪಾತ್ರಗಳಾಗಿ ನಿಂತಿದ್ದಾರೆ. ಕಂಪ್ಯೂಟರು ಇಡುವವನು, ಟಿವಿ ತೋರಿಸುವವನು, ಮೊಬೈಲು ಅಥವಾ ರಿಮೋಟು ಆಜ್ಞಾಪಿಸುವವನು. ಮೂವರೂ ಮನೆಯ ರೂಟರಿನ ಮೂಲಕ ಪರಸ್ಪರ ಗುರುತು ಹಿಡಿದು ಮಾತನಾಡಿಕೊಳ್ಳುತ್ತಾರೆ. ಹೊರಗಿನ ಇಂಟರ್ನೆಟ್ ಇದಕ್ಕೆ ಬೇಕಿಲ್ಲ. ಆದರೆ ಬಳಸುವುದು ತೊಡಕು: ಒಂದು ಟಿವಿ ಓದುವ ಫೈಲನ್ನು ಇನ್ನೊಂದು ಓದದು, ಮೆನುಗಳೋ ಜಟಿಲ. ಇತ್ತ ಆಪಲ್ ಸಂಸ್ಥೆಯು 2004ರಲ್ಲಿ ಸಂಗೀತಕ್ಕೆ ಏರ್‌ಟ್ಯೂನ್ಸ್, 2010ರಲ್ಲಿ ಚಿತ್ರಕ್ಕೂ ಸಲ್ಲುವ ಏರ್‌ಪ್ಲೇ ಎಂಬ ವಿಧಾನಗಳನ್ನು ತಂದಿತು. ಅವು ಸರಳವಾಗಿದ್ದವು, ಆದರೆ ಆಪಲ್ ಕುಟುಂಬದ ಉಪಕರಣಗಳಿಗೇ ಮೀಸಲು, ಬೆಲೆಯೂ ಹೆಚ್ಚು.

ಈ ಸನ್ನಿವೇಶದಲ್ಲಿ 2013ರ ಜುಲೈ 24ರಂದು ಗೂಗಲ್ ಸಂಸ್ಥೆಯು ಕ್ರೋಮ್‌ಕಾಸ್ಟ್ ಎಂಬ, ಹೆಬ್ಬೆರಳಿನಷ್ಟು ಗಾತ್ರದ ಉಪಕರಣವನ್ನು ಪ್ರಕಟಿಸಿತು. ಬೆಲೆ 35 ಡಾಲರ್. ಟಿವಿಯ ಹಿಂದಿನ ಎಚ್‌ಡಿಎಂಐ ಕಂಡಿಗೆ ಸಿಕ್ಕಿಸಿ, ವೈಫೈಗೆ ಪರಿಚಯಿಸಿದರೆ ಮುಗಿಯಿತು. ಭಾರತದಲ್ಲಿ ಅದು 2014ರ ಡಿಸೆಂಬರಿನಲ್ಲಿ 2999 ರೂಪಾಯಿಗೆ ಮಾರಾಟಕ್ಕೆ ಬಂದಿತು. 2024ರ ಆಗಸ್ಟಿನಲ್ಲಿ ತಯಾರಿಕೆಯನ್ನು ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸುವ ವೇಳೆಗೆ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಮಾರಾಟವಾಗಿದ್ದವು.

ಕ್ಯಾಸ್ಟ್ ಎಂಬ ಇಂಗ್ಲಿಷ್ ಮಾತಿಗೆ ಎಸೆಯುವುದು, ಬೀರುವುದು ಎಂಬ ಅರ್ಥಗಳಿವೆ. ಹೀಗಾಗಿ ಮೊಬೈಲು ಚಿತ್ರವನ್ನು ಟಿವಿಯತ್ತ ಎಸೆಯುತ್ತದೆಂದು ಬಹುಮಂದಿ ಭಾವಿಸುತ್ತಾರೆ. ನಡೆಯುವುದು ಬೇರೆ. ನಮ್ಮ ಶಾಲೆಯ ಗ್ರಂಥಾಲಯವನ್ನು ನೆನಪಿಸಿಕೊಳ್ಳಿ. ತರಗತಿಯಲ್ಲಿ ಪಾಠ ಮಾಡುವಾಗ ಭೂಪಟ ಬೇಕಾದರೆ ನಾನು ಒಂದು ಚೀಟಿ ಬರೆದು ಜವಾನನ ಕೈಗೆ ಕೊಡುತ್ತಿದ್ದೆ. ಅವನು ಹೋಗಿ ಭೂಪಟವನ್ನು ತಂದು ಗೋಡೆಗೆ ತೂಗುಹಾಕುತ್ತಿದ್ದ. ನಾನು ಪೀಠದಿಂದ ಏಳುತ್ತಿರಲಿಲ್ಲ. ಇಲ್ಲಿ ಮೊಬೈಲು ಚೀಟಿ ಬರೆಯುವ ಮೇಷ್ಟ್ರು. ಟಿವಿಗೆ ಸಿಕ್ಕಿಸಿದ ಕಡ್ಡಿಯು ಜವಾನ. ಚಿತ್ರವಿರುವ ವಿಳಾಸವಷ್ಟೇ ಮೊಬೈಲಿನಿಂದ ಕಡ್ಡಿಗೆ ಹೋಗುತ್ತದೆ; ಕಡ್ಡಿಯು ತಾನೇ ಮನೆಯ ಕಂಪ್ಯೂಟರಿನಿಂದ ಚಿತ್ರವನ್ನು ಸೆಳೆದು ತೋರಿಸುತ್ತದೆ. ಆದ್ದರಿಂದಲೇ ನಡುವೆ ಮೊಬೈಲಿಗೆ ಕರೆ ಬಂದರೂ ಚಿತ್ರವು ನಿಲ್ಲುವುದಿಲ್ಲ, ಅದರ ಬ್ಯಾಟರಿಯೂ ಬರಿದಾಗುವುದಿಲ್ಲ.

ಜವಾನನಿಗೆ ಎಲ್ಲ ಭಾಷೆಗಳೂ ಬಾರದು ಎಂಬುದೊಂದು ಸಂಗತಿ. ಮೊದಲ ಕ್ರೋಮ್‌ಕಾಸ್ಟಿಗೆ ತಿಳಿಯುತ್ತಿದ್ದುದು ಎಚ್.264 ಮತ್ತು ವಿಪಿ8 ಎಂಬ ಎರಡು ಸಂಕೇತ ಪದ್ಧತಿಗಳು ಮಾತ್ರ. ಹಳೆಯ ಡಿವಿಡಿಯಲ್ಲಿರುವ ಎಂಪೆಗ್-2 ಅದಕ್ಕೆ ಅರ್ಥವಾಗದು. ಆಗ ಪ್ಲೆಕ್ಸಿನಂತಹ ತಂತ್ರಾಂಶವು ಒಂದು ಕಡೆ ಓದುತ್ತ, ಇನ್ನೊಂದು ಕಡೆ ಭಾಷಾಂತರಿಸುತ್ತ ಕೊಡಬೇಕು. ಚಿತ್ರ ನೋಡುವಾಗ ಕೊಠಡಿಯಲ್ಲಿರುವ ಹಳೆಯ ಕಂಪ್ಯೂಟರಿನ ಫ್ಯಾನು ಜೋರಾಗಿ ಸದ್ದು ಮಾಡಿದರೆ, ಅದು ಈ ಭಾಷಾಂತರದ ಶ್ರಮವೆಂದು ತಿಳಿಯಿರಿ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ಇಡುವವನು ಮನೆಯಲ್ಲಿ, ತೋರಿಸುವವನು ಮನೆಯಲ್ಲಿ, ಆಜ್ಞಾಪಿಸುವವನು ನಮ್ಮ ಅಂಗೈಯಲ್ಲಿ. ಹಾಗಿದ್ದರೂ ಇಂಟರ್ನೆಟ್ ಏಕೆ ಬೇಕು? ಏಕೆಂದರೆ ಕ್ಯಾಸ್ಟ್ ಪದ್ಧತಿಯಲ್ಲಿ ಸದ್ದಿಲ್ಲದೆ ನಾಲ್ಕನೆಯವನೊಬ್ಬನು ಸೇರಿಕೊಂಡಿದ್ದಾನೆ. ಅವನು ಅಪ್ಪಣೆ ಕೊಡುವವನು. ಮೊಬೈಲು ಚೀಟಿ ಕೊಟ್ಟೊಡನೆ ಕಡ್ಡಿಯು ಮೊದಲು ಮಾಡುವ ಕೆಲಸವೆಂದರೆ, ಚಿತ್ರವನ್ನು ತೋರಿಸಲು ಬೇಕಾದ ಪುಟ್ಟ ತಂತ್ರಾಂಶವನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವುದು. ಅದು ಬಂದ ಮೇಲೆ ಮನೆಯ ಫೈಲಿನತ್ತ ತಿರುಗುತ್ತದೆ. ಅಲ್ಲದೆ, ಈ ಕಡ್ಡಿಯು ಅಸಲಿ ಕಡ್ಡಿಯೇ ಎಂದು ಮೊಬೈಲು ಅದರ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಭೂಪಟ ನಮ್ಮ ಶಾಲೆಯದೇ ಆದರೂ, ಪ್ರತಿ ಬಾರಿಯೂ ಜವಾನನು ಜಿಲ್ಲಾ ಕಚೇರಿಗೆ ಹೋಗಿ ಬಂದು ಬಳಿಕ ಅದನ್ನು ತೂಗುಹಾಕಿದಂತೆ.

ಈ ನಾಲ್ಕನೆಯವನ ಇರವು ಆರಂಭದಲ್ಲಿಯೇ ಒಮ್ಮೆ ಕಾಣಿಸಿತ್ತು. ಕ್ರೋಮ್‌ಕಾಸ್ಟ್ ಬಂದ ತಿಂಗಳೊಳಗೆ ಕೌಶಿಕ್ ದತ್ತಾ ಎಂಬ ತಂತ್ರಜ್ಞರು ಮೊಬೈಲಿನಲ್ಲಿರುವ ಸ್ವಂತ ಚಿತ್ರಗಳನ್ನು ಅದರ ಮೂಲಕ ತೋರಿಸುವ ತಂತ್ರಾಂಶವನ್ನು ಸಿದ್ಧಪಡಿಸಿದ್ದರು. 2013ರ ಆಗಸ್ಟಿನಲ್ಲಿ ಬಂದ ಒಂದು ಪರಿಷ್ಕರಣೆಯಿಂದ ಅದು ಕೆಲಸ ಮಾಡುವುದನ್ನು ನಿಲ್ಲಿಸಿತು. ವ್ಯವಸ್ಥೆಯು ಇನ್ನೂ ಪ್ರಾಯೋಗಿಕ ಹಂತದಲ್ಲಿದೆ, ಸ್ವಂತ ಚಿತ್ರಗಳನ್ನು ತೋರಿಸುವ ತಂತ್ರಾಂಶಗಳಿಗೂ ಮುಂದೆ ಅವಕಾಶ ಮಾಡುವ ಇಚ್ಛೆಯಿದೆ ಎಂದು ಗೂಗಲ್ ತಿಳಿಸಿತು. ಆ ಮಾತಿನಂತೆ 2013ರ ಡಿಸೆಂಬರಿನಲ್ಲಿ ಪ್ಲೆಕ್ಸಿಗೆ ಬಾಗಿಲು ತೆರೆಯಿತು. 2014ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆಯಿತು. 2018ರ ಫೆಬ್ರವರಿಯಲ್ಲಿ ವಿಎಲ್‌ಸಿಯ ಮೂರನೆಯ ಆವೃತ್ತಿಯೂ ಕ್ರೋಮ್‌ಕಾಸ್ಟಿಗೆ ಚಿತ್ರ ಕಳುಹಿಸತೊಡಗಿತು. ಬಾಗಿಲು ತೆರೆಯಿತೆಂಬುದು ನಿಜ. ಬಾಗಿಲೊಂದು ಇದೆ, ಅದರ ಬೀಗದ ಕೈ ಮನೆಯ ಹೊರಗಿದೆ ಎಂಬುದೂ ಅಷ್ಟೇ ನಿಜ.

ಬೀಗದ ಕೈ ಹೊರಗಿದ್ದರೆ ಏನಾಗಬಹುದೆಂಬುದು 2025ರ ಮಾರ್ಚ್ 9ರಂದು ಜಗತ್ತಿಗೆ ತಿಳಿಯಿತು. ಅಂದು 2015ರ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟುಗಳೂ ಕ್ರೋಮ್‌ಕಾಸ್ಟ್ ಆಡಿಯೋ ಉಪಕರಣಗಳೂ ದೇಶದೇಶಗಳಲ್ಲಿ ಒಮ್ಮೆಗೇ ಕೆಲಸಕ್ಕೆ ಬಾರದಂತಾದವು. ಅವುಗಳ ಯಂತ್ರಭಾಗಗಳಿಗೆ ಏನೂ ಆಗಿರಲಿಲ್ಲ. ಅವು ಅಸಲಿ ಎಂದು ಸಾರುವ ಪ್ರಮಾಣಪತ್ರಗಳ ಸರಪಳಿಯಲ್ಲಿ ಒಂದರ ಅವಧಿ ಮುಗಿದಿತ್ತು, ಅಷ್ಟೆ. ಜವಾನನ ಗುರುತುಚೀಟಿಯ ಮೇಲಿನ ತಾರೀಖು ದಾಟಿದ್ದರಿಂದ ಮೇಷ್ಟ್ರು ಅವನನ್ನು ನಂಬಲೊಲ್ಲರು! ದುರಸ್ತಿ ಮಾಡಹೋಗಿ ಉಪಕರಣವನ್ನು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸಿದವರು ಇನ್ನೂ ಇಕ್ಕಟ್ಟಿಗೆ ಸಿಲುಕಿದರು. ಗೂಗಲ್ ಕೆಲವೇ ದಿನಗಳಲ್ಲಿ ಪರಿಹಾರವನ್ನು ಕಳುಹಿಸಿ ಸರಿಪಡಿಸಿತೆಂಬುದನ್ನು ಹೇಳಲೇಬೇಕು.

ಇದನ್ನು ಡಿಎಲ್‌ಎನ್‌ಎ ಒಕ್ಕೂಟದ ಕಥೆಯೊಡನೆ ಹೋಲಿಸಿ ನೋಡಿ. ಆ ಒಕ್ಕೂಟವು 2017ರ ಜನವರಿಯಲ್ಲಿ ವಿಸರ್ಜನೆಯಾಯಿತು. ಅದರ ನಿಯಮದಂತೆ ತಯಾರಾದ ಹಳೆಯ ಟಿವಿಗಳು ಇಂದಿಗೂ ಮನೆಯ ಕಂಪ್ಯೂಟರಿನಿಂದ ಚಿತ್ರಗಳನ್ನು ಪಡೆದು ತೋರಿಸುತ್ತವೆ. ನಿಯಮ ಮಾಡಿದವರೇ ಇಲ್ಲವಾದರೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಅಲ್ಲಿ ದಿನನಿತ್ಯ ಅಪ್ಪಣೆ ಕೇಳುವ ಪದ್ಧತಿಯಿರಲಿಲ್ಲ. ಇಲ್ಲಿ ಸಂಸ್ಥೆಯು ಬಲಿಷ್ಠವಾಗಿ ಬದುಕಿದ್ದರೂ ಒಂದು ಮೊಹರು ಹಳತಾದದ್ದರಿಂದ ಕೆಲಸ ನಿಂತಿತು.

ಹಾಗೆಂದು ಅಪ್ಪಣೆಯ ಪದ್ಧತಿಯೇ ದುಷ್ಟವೆಂದು ನಾನು ವಾದಿಸುತ್ತಿಲ್ಲ. ಹಣ ತೆತ್ತು ನೋಡುವ ಸಿನಿಮಾಗಳನ್ನು ಕಳ್ಳನಕಲಿನಿಂದ ಕಾಪಾಡಲು ಅದರ ಒಡೆಯರು ಇಂತಹ ಗುರುತುಚೀಟಿಗಳನ್ನು ಬಯಸುತ್ತಾರೆ. ನಕಲಿ ಉಪಕರಣಗಳಿಂದ ನಮಗೂ ರಕ್ಷಣೆ ಬೇಕು. ಕೃತಿಕಾರರ ಹಕ್ಕನ್ನು ಗೌರವಿಸಬೇಕೆಂದು ತರಗತಿಯಲ್ಲಿ ಹೇಳಿದವನು ನಾನು. ಆದರೆ ಸೋದರತ್ತೆಯವರ ಹಾಡಿಗೂ ಅದೇ ಸುಂಕದ ಕಟ್ಟೆಯನ್ನು ದಾಟಿಸುವುದು ಉಚಿತವೇ? ಅಲ್ಲಿ ಕಾಪಾಡಬೇಕಾದ ಒಡೆಯರು ನಾವೇ ಅಲ್ಲವೇ?

ಈ ಐವತ್ತು ವರ್ಷಗಳ ಕಥೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ತೋರಿಸುವವನೂ ಆಜ್ಞಾಪಿಸುವವನೂ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ವಿಸಿಆರ್ ಹೋಯಿತು, ವಿಸಿಡಿ ಹೋಯಿತು, ಕ್ರೋಮ್‌ಕಾಸ್ಟಿನ ತಯಾರಿಕೆಯೂ ನಿಂತಿತು. ಅವರನ್ನು ಹಿಡಿದಿಡಲು ಸಾಧ್ಯವಿಲ್ಲ, ಹಿಡಿದಿಡುವ ಅಗತ್ಯವೂ ಇಲ್ಲ. ಇಡುವವನು ಮಾತ್ರ ನಮ್ಮವನಾಗಿ ಉಳಿಯಬೇಕು. ಆದಕಾರಣ ನಿಮ್ಮಲ್ಲಿ ನನ್ನ ಕೆಲವು ಸೂಚನೆಗಳಿವೆ.

ಮನೆಯ ಚಿತ್ರಗಳನ್ನು ನಿಮ್ಮದೇ ಹಾರ್ಡ್ ಡಿಸ್ಕಿನಲ್ಲಿ ಇಡಿ; ಇನ್ನೊಂದು ಪ್ರತಿಯನ್ನು ಬೇರೊಂದು ಮನೆಯಲ್ಲಿ, ಅಕ್ಕನಲ್ಲಿಯೋ ತಮ್ಮನಲ್ಲಿಯೋ, ಇರಿಸಿ. ಎಚ್.264 ಪದ್ಧತಿಯ ಎಂಪಿ4 ಫೈಲುಗಳಾಗಿ ಪರಿವರ್ತಿಸಿಕೊಳ್ಳಿ; ಬಹುಪಾಲು ಎಲ್ಲ ಉಪಕರಣಗಳಿಗೂ ಅದು ಅರ್ಥವಾಗುತ್ತದೆ. ಸೆಕೆಂಡಿಗೆ ಎರಡು ಮೆಗಾಬಿಟ್ಟುಗಳ ಲೆಕ್ಕದಲ್ಲಿ ಒಂದು ಗಂಟೆಯ ಮದುವೆ ಚಿತ್ರಕ್ಕೆ ಸುಮಾರು 900 ಮೆಗಾಬೈಟ್ ಸಾಕು, ಅಂದರೆ ಸಾಧಾರಣ ಪೆನ್‌ಡ್ರೈವಿನಲ್ಲಿ ಮನೆತನದ ಅನೇಕ ಮದುವೆಗಳು ಹಿಡಿಸುತ್ತವೆ. ಕ್ಯಾಸ್ಟ್ ಮಾಡುವ ಸುಖವನ್ನು ಧಾರಾಳವಾಗಿ ಅನುಭವಿಸಿ. ಅದರೊಡನೆ ಇಂಟರ್ನೆಟ್ ಬೇಡದ ಒಂದು ದಾರಿಯನ್ನೂ ಅರಿತಿರಿ. ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸುವುದಾಗಲಿ, ಎಚ್‌ಡಿಎಂಐ ತಂತಿಯಿಂದ ಕಂಪ್ಯೂಟರನ್ನು ಜೋಡಿಸುವುದಾಗಲಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೂ ಇದನ್ನೇ ಬರೆದಿದ್ದೇನೆ.

ಇನ್ನೂ ಕ್ಯಾಸೆಟ್ಟಿನಲ್ಲಿಯೇ ಉಳಿದಿರುವ ಚಿತ್ರಗಳ ಬಗೆಗೆ ತಡ ಮಾಡಬೇಡಿ. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯೆನಿಸಿದ ಜಪಾನಿನ ಫುನಾಯಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಉಳಿದ ಯಂತ್ರಗಳು ಕೆಟ್ಟಂತೆಲ್ಲ ಕ್ಯಾಸೆಟ್ಟುಗಳು ಮೂಕವಾಗುತ್ತವೆ. ಫೈಲಿನ ಹೆಸರಿನಲ್ಲಿ ಇಸವಿಯನ್ನೂ ಊರನ್ನೂ ಬರೆಯಿರಿ. ಚಿತ್ರದಲ್ಲಿ ಯಾರು ಯಾರಿದ್ದಾರೆಂದು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಗುರುತು ಮಾಡಿಡಿ. ಯಾವ ತಂತ್ರಾಂಶವೂ ನಿಮ್ಮ ಅಜ್ಜಿಯ ತೌರಿನವರನ್ನು ಗುರುತಿಸಲಾರದು.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಶಾಲೆಯ ವಾರ್ಷಿಕೋತ್ಸವಗಳನ್ನು ಚಿತ್ರಿಸಿದ ಕ್ಯಾಸೆಟ್ಟುಗಳು ನಿಮ್ಮಲ್ಲಿ ಕೆಲವರ ಮನೆಯ ಅಟ್ಟದಲ್ಲಿರಬೇಕು. ನಾಟಕದಲ್ಲಿ ಸಂಗೊಳ್ಳಿ ರಾಯಣ್ಣನಾಗಿ ಮೀಸೆ ಅಂಟಿಸಿಕೊಂಡವರು ಈಗ ಅಜ್ಜಂದಿರಾಗಿರಬಹುದು. ದಯವಿಟ್ಟು ಹುಡುಕಿ, ಇಳಿಸಿ, ಒಂದು ಪ್ರತಿಯನ್ನು ನನಗೂ ತಲುಪಿಸಿ. ಕ್ಯಾಸೆಟ್ಟು ದೊರೆತು ಯಂತ್ರವಿಲ್ಲದಿದ್ದರೆ ಹಾಗೆಯೇ ಕಳುಹಿಸಿ. ನಮ್ಮ ಮನೆಯ ವಿಸಿಆರ್ ಇನ್ನೂ ತಿರುಗುತ್ತಿದೆ.